1678 ಜಿಬಿ ಎಂದು ತೋರಿಸಿದ ಆ ಡಿಸ್ಕ್ ಕೆಟ್ಟಿಲ್ಲ

ಓದುಗರ ಪ್ರಶ್ನೆ: ಸರ್, ವಿಜಯಪುರದ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಪಾಠಗಳ ವಿಡಿಯೋ ಇಡಲು ಹಳೆಯ ಜಿ41 ಬೋರ್ಡಿನ ಸಿಸ್ಟಮ್‌ಗೆ 4 ಟಿಬಿ ಹಾರ್ಡ್ ಡಿಸ್ಕ್ ಹಾಕಿ, ಅದರಲ್ಲೇ ಉಬುಂಟು ಲಿನಕ್ಸ್ ಇನ್‌ಸ್ಟಾಲ್ ಮಾಡಿದ್ದೆ. ಇಡೀ ಡಿಸ್ಕ್ ಒಂದೇ ಪಾರ್ಟಿಷನ್. ಎಂಟು ತಿಂಗಳು ಏನೂ ತೊಂದರೆ ಇರಲಿಲ್ಲ, ಒಮ್ಮೆ ಕೂಡ ಆಫ್ ಮಾಡಿರಲಿಲ್ಲ. ಹೋದ ವಾರ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು ಸಿಸ್ಟಮ್ ಬಂದ್ ಆಯಿತು. ಬೆಳಿಗ್ಗೆ ಆನ್ ಮಾಡಿದರೆ ಗ್ರಬ್ (ಉಬುಂಟುವನ್ನು ಎಬ್ಬಿಸುವ ಪ್ರೋಗ್ರಾಂ) ಮೆನು ಬರುತ್ತದೆ. ಎಂಟರ್ ಒತ್ತಿದರೆ ‘ಅಟೆಂಪ್ಟ್ ಟು ರೀಡ್ ಆರ್ ರೈಟ್ ಔಟ್‌ಸೈಡ್ ಆಫ್ ಡಿಸ್ಕ್’, ಅದರ ಕೆಳಗೆ ‘ಯು ನೀಡ್ ಟು ಲೋಡ್ ದಿ ಕರ್ನಲ್ ಫಸ್ಟ್’ ಎಂದು ಬಂದು ನಿಲ್ಲುತ್ತದೆ. ಅಂಗಡಿಗೆ ಒಯ್ದೆ. ಯುಎಸ್‌ಬಿ ಡಾಕ್‌ಗೆ (ಡಿಸ್ಕನ್ನು ಹೊರಗಿನಿಂದ ಜೋಡಿಸುವ ಸಾಧನ) ಹಾಕಿ ನೋಡಿದರು. 4 ಟಿಬಿ ಡಿಸ್ಕ್ 1678 ಜಿಬಿ ಅಂತ ತೋರಿಸಿತು. ‘ಅರ್ಧಕ್ಕಿಂತ ಜಾಸ್ತಿ ಡಿಸ್ಕ್ ಹೋಗೇತ್ರೀ, ಫಾರ್ಮ್ಯಾಟ್ ಮಾಡಿ ಕೊಡ್ತೀವಿ’ ಅಂದರು. ಮಾಡಿಸದೆ ವಾಪಸ್ ತಂದಿದ್ದೇನೆ. ಒಳಗೆ 2.6 ಟಿಬಿ ಪಾಠಗಳಿವೆ, ಬೇರೆ ಕಾಪಿ ಇಲ್ಲ. ಇನ್ನೂ ದೊಡ್ಡ 8 ಟಿಬಿ ಡಿಸ್ಕ್ ತಂದರೆ ಸರಿ ಹೋಗುತ್ತಾ? ಇದ್ದ ಡೇಟಾ ಉಳಿಯುತ್ತಾ?

ಉತ್ತರ: ಮಾಡಿಸದೆ ವಾಪಸ್ ತಂದಿರಲ್ಲ, ಅದೇ ದೊಡ್ಡ ಕೆಲಸ. ನೀವು ಬರೆದಿರುವ ಲಕ್ಷಣ ನೋಡಿದರೆ ನಿಮ್ಮ ಪಾಠಗಳು ಹೆಚ್ಚುಕಡಿಮೆ ಖಂಡಿತ ಇದ್ದ ಜಾಗದಲ್ಲೇ ಇವೆ. ಖಾತ್ರಿ ಮಾಡಿಕೊಳ್ಳುವ ದಾರಿಯನ್ನೂ ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ಆ ಡಿಸ್ಕನ್ನು ಮತ್ತೆ ಆ ಡಾಕ್‌ಗೆ ಹಾಕಬೇಡಿ. ವಿಂಡೋಸ್ ಸಿಸ್ಟಮ್‌ಗೆ ಜೋಡಿಸಿದಾಗ ‘ಇನಿಷಿಯಲೈಸ್ ಮಾಡಲೇ’, ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಹೂಂ ಅನ್ನಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟದ್ದು ಆ 1678 ಎಂಬ ಸಂಖ್ಯೆ. ಅಂಗಡಿಯವರಿಗೆ ಅದು ಕೆಟ್ಟ ಸುದ್ದಿಯಾಗಿ ಕಂಡಿತು, ನನಗೆ ಒಳ್ಳೆಯದಾಗಿ ಕಂಡಿತು. ಲೆಕ್ಕ ಹಾಕಿ ನೋಡೋಣ. 4 ಟಿಬಿ ಎಂದು ಮಾರುವ ಡಿಸ್ಕ್ ಕಂಪ್ಯೂಟರಿನ ಲೆಕ್ಕದಲ್ಲಿ 3726 ಜಿಬಿ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ. ಈಗ 3726ರಲ್ಲಿ 2048 ಕಳೆಯಿರಿ. ಉಳಿಯುವುದು 1678! ಡಿಸ್ಕ್ ಕೆಟ್ಟು ಜಾಗ ಹೋಗಿದ್ದರೆ ಸರಿಯಾಗಿ 2048 ಜಿಬಿ, ಒಂದು ಜಿಬಿ ಹೆಚ್ಚಿಲ್ಲ ಕಡಿಮೆಯಿಲ್ಲ, ಮಾಯವಾಗುತ್ತಿತ್ತಾ? ಸತ್ತ ಡಿಸ್ಕ್ ಹೀಗೆ ಅಚ್ಚುಕಟ್ಟಾಗಿ ಸಾಯುವುದಿಲ್ಲ. 3 ಟಿಬಿ ಡಿಸ್ಕನ್ನು ಅದೇ ಡಾಕ್‌ಗೆ ಹಾಕಿದರೆ 746 ಜಿಬಿ ತೋರಿಸುತ್ತದೆ, 2794ರಲ್ಲಿ 2048 ಕಳೆದಷ್ಟು. ಈ ಎರಡು ಸಂಖ್ಯೆಗಳನ್ನು ಬೆಳಗಾವಿಯ ನನ್ನ ರಿಪೇರಿ ಮೇಜಿನ ಮೇಲೆ ಬಹಳ ಸಲ ನೋಡಿದ್ದೇನೆ. ಡಿಸ್ಕ್ ತಂದವರ ಮುಖದಲ್ಲಿ ಪ್ರತಿ ಸಲವೂ ನಿಮ್ಮದೇ ಗಾಬರಿ.

ಕಾರಣ ಇದು. ಹಾರ್ಡ್ ಡಿಸ್ಕ್ ಒಳಗೆ ಜಾಗವೆಲ್ಲ ಸಣ್ಣ ಸಣ್ಣ ಖಾನೆಗಳಾಗಿ ಇರುತ್ತದೆ. ಒಂದೊಂದಕ್ಕೆ ಸೆಕ್ಟರ್ ಎನ್ನುತ್ತೇವೆ, ಒಂದರಲ್ಲಿ 512 ಬೈಟ್. ಪ್ರತಿಯೊಂದಕ್ಕೂ ಒಂದು ನಂಬರ್. ಹಳೆಯ ಡಾಕ್ ಆ ನಂಬರನ್ನು 32 ಬಿಟ್‌ನಲ್ಲಿ ಬರೆಯುತ್ತದೆ. 32 ಬಿಟ್‌ನಲ್ಲಿ ಸುಮಾರು 429 ಕೋಟಿ ನಂಬರ್ ಮಾತ್ರ ಹಿಡಿಯುತ್ತವೆ. ನಿಮ್ಮ ಡಿಸ್ಕ್‌ನಲ್ಲಿರುವುದು 781 ಕೋಟಿ ಸೆಕ್ಟರ್. ಹಳೆಯ ಬೈಕಿನ ಕಿಲೋಮೀಟರ್ ಮೀಟರ್ ನೋಡಿದ್ದೀರಲ್ಲ, 99999 ಆದ ಮೇಲೆ ಮತ್ತೆ 00000 ಆಗುತ್ತದೆ. ಗಾಡಿ ಅಷ್ಟು ಓಡಿಲ್ಲ ಅಂತಲ್ಲ, ಮೀಟರಿನಲ್ಲಿ ಮನೆ ಸಾಲಲಿಲ್ಲ. ಡಾಕ್‌ನಲ್ಲೂ ಹಾಗೇ ಆಯಿತು. 429 ಕೋಟಿ ದಾಟಿ ಮತ್ತೆ ಸೊನ್ನೆಯಿಂದ ಎಣಿಸಿ, ಉಳಿದ 352 ಕೋಟಿಯನ್ನು ತೋರಿಸಿತು. ಅದೇ 1678 ಜಿಬಿ.

ಮತ್ತೆ ಆ ಡಾಕ್‌ಗೆ ಹಾಕಬೇಡಿ ಎಂದದ್ದೂ ಇದೇ ಕಾರಣಕ್ಕೆ. ಇಂಥ ಕೆಲವು ಡಾಕ್‌ಗಳಲ್ಲಿ ಓದಿದರೆ ತಪ್ಪು ಜಾಗ ಓದುತ್ತದೆ, ಅದರಿಂದ ನಷ್ಟವಿಲ್ಲ. ಆದರೆ ಬರೆದರೆ ಆ ಬರಹ ಸುತ್ತಿ ಬಂದು ಡಿಸ್ಕಿನ ಮೊದಲ ಭಾಗದ ಮೇಲೆ ಬೀಳಬಹುದು. ಅಲ್ಲೇ ಪಾರ್ಟಿಷನ್ ಟೇಬಲ್, ಅಂದರೆ ಯಾವ ಪಾರ್ಟಿಷನ್ ಎಲ್ಲಿದೆ ಎಂಬ ಪಟ್ಟಿ, ಇರುವುದು.

ಈಗ ಬೂಟ್ ಆಗದ ವಿಷಯ. ಇಲ್ಲಿ ಮೂರು ಮಾತು ನಿಮ್ಮ ಕಿವಿಗೆ ಬಿದ್ದಿರುತ್ತವೆ: ಡಿಸ್ಕ್ ಹೋಗಿದೆ, ಕರೆಂಟ್ ಹೋಗಿದ್ದಕ್ಕೆ ಹೀಗಾಯಿತು, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಮೊದಲನೆಯದು ಬಹುಶಃ ಸುಳ್ಳು. ಎರಡನೆಯದು ಅರ್ಧ ನಿಜ. ಮೂರನೆಯದು ನಿಜವೇ, ಆದರೆ ನಿಮ್ಮ ಪಾಠಗಳೂ ಹೋಗುತ್ತವೆ, ಕೆಲವು ತಿಂಗಳಲ್ಲಿ ಇದೇ ತೊಂದರೆ ಮತ್ತೆ ಬರುತ್ತದೆ.

ಸಿಸ್ಟಮ್ ಆನ್ ಮಾಡಿದ ಕೂಡಲೇ ಉಬುಂಟು ಇರುವುದಿಲ್ಲ. ಮೊದಲು ಏಳುವುದು ಬೋರ್ಡಿನಲ್ಲೇ ಇರುವ ಬಯೋಸ್. ಅದು ಡಿಸ್ಕಿನ ಮೊದಲ ಸೆಕ್ಟರಿನಿಂದ ಗ್ರಬ್‌ನ ಒಂದು ತುಣುಕನ್ನು ಎತ್ತಿಕೊಳ್ಳುತ್ತದೆ. ಆ ತುಣುಕು ಉಳಿದ ಗ್ರಬ್ಬನ್ನು ಕರೆಯುತ್ತದೆ, ಗ್ರಬ್ ಮೆನು ತೋರಿಸುತ್ತದೆ, ಆಮೇಲೆ ಉಬುಂಟುವಿನ ತಿರುಳಾದ ಕರ್ನಲ್‌ನ ಫೈಲನ್ನು ಓದಿ ಮೆಮೊರಿಗೆ ತರುತ್ತದೆ. ಕರ್ನಲ್ ಎದ್ದ ಮೇಲೆ ಅದಕ್ಕೆ ತನ್ನದೇ ಡ್ರೈವರ್ ಇದೆ, 4 ಟಿಬಿ ಪೂರ್ತಿ ಕಾಣುತ್ತದೆ. ಆದರೆ ಏಳುವವರೆಗೆ? ಅಲ್ಲಿಯವರೆಗೆ ಗ್ರಬ್ ಡಿಸ್ಕನ್ನು ನೋಡುವುದು ಬಯೋಸ್ ಕಣ್ಣಿನಿಂದ. ಜಿ41 ಕಾಲದ ಅನೇಕ ಬೋರ್ಡುಗಳ ಬಯೋಸ್‌ಗೆ ಆ ಡಾಕ್‌ನ ಹಾಗೆಯೇ 32 ಬಿಟ್ ಲೆಕ್ಕ. ಅಂದರೆ ಡಿಸ್ಕಿನ ಮೊದಲ ಭಾಗ ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ಅದರಾಚೆಯ ಸೆಕ್ಟರ್ ಕೇಳಿದರೆ, ‘ಡಿಸ್ಕಿನ ಹೊರಗೆ ಓದಲು ಹೊರಟಿದ್ದೀ’ ಎಂದು ಗ್ರಬ್ ನಿಂತುಬಿಡುತ್ತದೆ. ನಿಮ್ಮ ಪರದೆಯ ಮೇಲೆ ಬಂದದ್ದು ಪದಕ್ಕೆ ಪದ ಅದೇ ಮಾತು.

ಹಾಗಾದರೆ ಎಂಟು ತಿಂಗಳು ಹೇಗೆ ನಡೆಯಿತು? ಎಲ್ಲರೂ ಇಲ್ಲೇ ಎಡವುವುದು, ಸ್ವಲ್ಪ ನಿಧಾನವಾಗಿ ನೋಡೋಣ. ನೀವು ಇನ್‌ಸ್ಟಾಲ್ ಮಾಡಿದ ದಿನ ಡಿಸ್ಕ್ ಖಾಲಿ ಇತ್ತು. ಕರ್ನಲ್ ಫೈಲ್ ಬಯೋಸ್ ಕಣ್ಣಿಗೆ ಕಾಣುವ ಕಡೆ ಕುಳಿತಿತು. ಹಾಗಾಗಿ ಸಲೀಸಾಗಿ ಬೂಟ್ ಆಯಿತು. ಆಮೇಲೆ ಪಾಠಗಳು ತುಂಬುತ್ತಾ ಹೋದವು. ಉಬುಂಟು ಬಳಸುವ ಎಕ್ಸ್ಟ್4 ಫೈಲ್ ಸಿಸ್ಟಮ್ ಫೈಲುಗಳನ್ನು ಸಾಲಾಗಿ ಮುಂದಿನಿಂದ ಜೋಡಿಸುವುದಿಲ್ಲ, ಇಡೀ ಪಾರ್ಟಿಷನ್ ಉದ್ದಕ್ಕೂ ಹರಡುತ್ತದೆ. ಈ ನಡುವೆ ಉಬುಂಟು ಸುಮ್ನೆ ಕೂತಿರಲಿಲ್ಲ. ಅದು ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳುತ್ತದೆ, ಹೊಸ ಕರ್ನಲ್ ಕೂಡ ಹಾಗೇ ಬರುತ್ತದೆ. ಆದರೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಎಂದೋ ಒಂದು ದಿನ ಬಂದ ಹೊಸ ಕರ್ನಲ್‌ಗೆ ಹತ್ತಿರ ಜಾಗ ಸಿಗದೆ, ಬಯೋಸ್‌ಗೆ ಕಾಣದ ದೂರದಲ್ಲಿ ಹೋಗಿ ಕುಳಿತಿದೆ. ನಿಮಗೆ ಗೊತ್ತಾಗಲಿಲ್ಲ, ಯಾಕೆಂದರೆ ಓಡುತ್ತಿದ್ದದ್ದು ಹಳೆಯ ಕರ್ನಲ್. ಕರೆಂಟ್ ಹೋಗಿ ಸಿಸ್ಟಮ್ ಮೊದಲ ಸಲ ಬಂದ್ ಆದಾಗಲೇ ಹೊಸದನ್ನು ಎಬ್ಬಿಸುವ ಪ್ರಸಂಗ ಬಂತು. ತಪ್ಪು ಆಗಿ ವಾರಗಳೇ ಕಳೆದಿರಬಹುದು, ಕರೆಂಟ್ ಹೋದ ರಾತ್ರಿ ಅದು ಹೊರಗೆ ಬಿತ್ತು ಅಷ್ಟೇ.

ಫಾರ್ಮ್ಯಾಟ್ ಮಾಡಿದರೆ ಯಾಕೆ ಸರಿಹೋದ ಹಾಗೆ ಕಾಣುತ್ತದೆ ಎನ್ನುವುದೂ ಇದರಲ್ಲೇ ಇದೆ. ಖಾಲಿ ಡಿಸ್ಕಿನಲ್ಲಿ ಕರ್ನಲ್ ಮತ್ತೆ ಹತ್ತಿರ ಕೂರುತ್ತದೆ. ಎಲ್ಲರಿಗೂ ಸಮಾಧಾನ. ಮುಂದಿನ ವರ್ಷ ಪರೀಕ್ಷೆಯ ಸಮಯಕ್ಕೆ ಮತ್ತೆ ಅದೇ ಸಾಲು ಪರದೆಯ ಮೇಲೆ.

ಇದು ಇಂದಿನ ರೋಗವಲ್ಲ. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಹಾರ್ಡ್ ಡಿಸ್ಕ್ ಪಾರ್ಟಿಷನ್ ಪದ್ಧತಿ ಬಂದಾಗಿನಿಂದ ಗೋಡೆಗಳು ಒಂದಾದ ಮೇಲೊಂದು ಎದುರಾಗಿವೆ. ಮೊದಲು 528 ಎಂಬಿ, ಆಮೇಲೆ 8.4 ಜಿಬಿ, ಆಮೇಲೆ 137 ಜಿಬಿ, ಈಗ 2.2 ಟಿಬಿ (ಕಂಪ್ಯೂಟರಿನ ಲೆಕ್ಕದ ಅದೇ 2048 ಜಿಬಿ). ಪ್ರತಿ ಸಲವೂ ನಂಬರ್ ಬರೆಯಲು ಇಟ್ಟ ಜಾಗ ಸಾಲದೇ ಹೋದದ್ದೇ ಕಾರಣ. ಬೆಳಗಾವಿಯ ಎಂಜಿನಿಯರಿಂಗ್ ಹುಡುಗರು ಮ್ಯಾಗಜೀನ್ ಜೊತೆ ಬಂದ ಲಿನಕ್ಸ್ ಸಿಡಿ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿದ್ದ ಕಾಲ ನೆನಪಾಗುತ್ತದೆ. 20 ಜಿಬಿ ಡಿಸ್ಕ್ ಆಗ ದೊಡ್ಡದು. ಮುಂದೆ ವಿಂಡೋಸ್, ಕೊನೆಯಲ್ಲಿ ಲಿನಕ್ಸ್. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆಯ ಮೂಲೆಯಲ್ಲಿ ‘ಎಲ್’, ‘ಐ’ ಎಂಬ ಎರಡೇ ಅಕ್ಷರ. ಲಿಲೋ ಎಂಬ ಬೂಟ್ ಲೋಡರ್ ತನ್ನ ಹೆಸರನ್ನೂ ಪೂರ್ತಿ ಬರೆಯಲಾರದೆ ನಿಂತುಬಿಡುತ್ತಿತ್ತು. ಲಿನಕ್ಸನ್ನು 1024ನೇ ಸಿಲಿಂಡರಿನ ಒಳಗೆ, ಅಂದರೆ ಮೊದಲ 8.4 ಜಿಬಿ ಒಳಗೆ ತಂದು ಕೂರಿಸಿದರೆ ಏಳುತ್ತಿತ್ತು. ಇವತ್ತು ನಿಮಗೆ ಹೇಳುವ ಉಪಾಯದ ಮೂಲವೂ ಅಷ್ಟೇ: ಎಬ್ಬಿಸುವವನ ಕೈಗೆ ಎಟಕುವ ಕಡೆ ಕರ್ನಲ್ ಇಡಬೇಕು.

ಸಿಸ್ಟಮ್ ಎಲ್ಲಿಯವರೆಗೆ ಬಂದು ನಿಂತಿತು ಎನ್ನುವುದರಿಂದಲೇ ಕಾಯಿಲೆ ಅರ್ಧ ಗೊತ್ತಾಗುತ್ತದೆ. ಇದೇ ತೊಂದರೆ ಬೇರೆ ರೂಪದಲ್ಲಿ ಬಂದ ಓದುಗರಿಗೂ ಉಪಯೋಗವಾಗಬಹುದು. ಮೆನುವೂ ಇಲ್ಲ, ‘ಬೂಟ್ ಡಿವೈಸ್ ಸಿಗಲಿಲ್ಲ’ ಎಂದು ಬಂದರೆ ಬಯೋಸ್‌ಗೆ ಗ್ರಬ್ಬೇ ಸಿಕ್ಕಿಲ್ಲ. ಆಗ ಮೊದಲು ಕೇಬಲ್ ನೋಡಿ, ಬಯೋಸ್‌ನಲ್ಲಿ ತಾರೀಕು ನೋಡಿ. ಹಳೆಯ ಬೋರ್ಡುಗಳಲ್ಲಿ ಸಿಆರ್2032 ಬಟನ್ ಸೆಲ್ ಮುಗಿದಿದ್ದರೆ ಕರೆಂಟ್ ಹೋದ ಕೂಡಲೇ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗುತ್ತದೆ. ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಬೂಟ್ ಆರ್ಡರ್ ಬದಲಾಗಿರುತ್ತದೆ. ಒಂದು ಸಣ್ಣ ಸೆಲ್‌ನ ತೊಂದರೆಗೆ ಹಾರ್ಡ್ ಡಿಸ್ಕ್ ಬದಲಾಯಿಸಿದವರನ್ನು ನೋಡಿದ್ದೇನೆ. ‘ಗ್ರಬ್ ರೆಸ್ಕ್ಯೂ’ ಎಂದು ಬಂದು ನಿಂತರೆ ಗ್ರಬ್‌ನ ಮೊದಲ ತುಣುಕು ಬಂದಿದೆ, ಉಳಿದದ್ದು ಸಿಕ್ಕಿಲ್ಲ. ಮೆನು ಬಂದು, ಕರ್ನಲ್ ಓದಲು ಆಗದಿದ್ದರೆ ನಿಮ್ಮ ಸ್ಥಿತಿ. ಕರ್ನಲ್ ಓದಿ, ಅದರ ಜೊತೆಗಾರ ಇನಿಟ್‌ಆರ್‌ಡಿ ಫೈಲ್ ಮಾತ್ರ ದೂರದಲ್ಲಿದ್ದರೆ ‘ಕರ್ನಲ್ ಪ್ಯಾನಿಕ್’ ಬರುತ್ತದೆ, ರೂಟ್ ಫೈಲ್ ಸಿಸ್ಟಮ್ ಮೌಂಟ್ ಮಾಡಲಾಗಲಿಲ್ಲ ಎನ್ನುತ್ತದೆ.

ನೀವೀಗ ಮಾಡಬೇಕಾದ್ದು ಹೇಳುತ್ತೇನೆ. ಬೇರೆ ಸಿಸ್ಟಮ್‌ನಲ್ಲಿ ಉಬುಂಟು ಲೈವ್ ಪೆನ್‌ಡ್ರೈವ್ ಮಾಡಿಕೊಳ್ಳಿ. ಡಿಸ್ಕನ್ನು ಅದೇ ಬೋರ್ಡಿಗೆ ಸಾಟಾ ಕೇಬಲ್‌ನಿಂದಲೇ ಜೋಡಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ‘ಇನ್‌ಸ್ಟಾಲ್’ ಒತ್ತಬೇಡಿ, ‘ಟ್ರೈ’ ಒತ್ತಿ. ಒಳಗೆ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ಇದೆ, ತೆಗೆಯಿರಿ. ಡಿಸ್ಕ್ 4.0 ಟಿಬಿ ಎಂದು ತೋರಿಸಬೇಕು. ಅದೇ ಬೋರ್ಡ್, ಅದೇ ಕೇಬಲ್, ಆದರೂ ಪೂರ್ತಿ ಕಾಣುತ್ತದೆ, ಯಾಕೆಂದರೆ ಈಗ ನೋಡುತ್ತಿರುವುದು ಲಿನಕ್ಸ್‌ನ ಕಣ್ಣು. ಅಲ್ಲೇ ಸ್ಮಾರ್ಟ್ ಡೇಟಾ ಎಂಬ, ಡಿಸ್ಕಿನ ಆರೋಗ್ಯ ತಿಳಿಸುವ ಪಟ್ಟಿ ಸಿಗುತ್ತದೆ. ಅದರಲ್ಲಿ ‘ರೀಅಲೊಕೇಟೆಡ್ ಸೆಕ್ಟರ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎರಡೂ ಸೊನ್ನೆ ಇದ್ದು, ಡಿಸ್ಕ್ ಟಕ್ ಟಕ್ ಸದ್ದು ಮಾಡದಿದ್ದರೆ ಡಿಸ್ಕ್ ಗಟ್ಟಿ ಇದೆ ಎಂದು ತಿಳಿಯಿರಿ. ಪೆಂಡಿಂಗ್ ಸಂಖ್ಯೆ ಏರುತ್ತಾ ಇದ್ದರೆ ನಾನು ಮೇಲೆ ಹೇಳಿದ್ದೆಲ್ಲ ಬದಿಗಿಟ್ಟು, ಕೂಡಲೇ ನಿಲ್ಲಿಸಿ, ಡೇಟಾ ರಿಕವರಿ ಗೊತ್ತಿದ್ದವರಿಗೆ ಕೊಡಿ. ಆ ಸ್ಥಿತಿಯಲ್ಲಿ ಡಿಸ್ಕ್ ತಿರುಗಿಸಿದಷ್ಟೂ ಕಳೆದುಕೊಳ್ಳುತ್ತೀರಿ.

ಡಿಸ್ಕ್ ಚೆನ್ನಾಗಿದ್ದರೆ ಫೋಲ್ಡರ್ ತೆಗೆದು ಎರಡು ಮೂರು ಪಾಠ ಓಡಿಸಿ ನೋಡಿ. ಬೇರೆ ಬೇರೆ ತಿಂಗಳಲ್ಲಿ ಹಾಕಿದ್ದನ್ನು ನೋಡಿ, ಆಗ ಡಿಸ್ಕಿನ ಬೇರೆ ಬೇರೆ ಭಾಗ ಪರೀಕ್ಷೆ ಆದಂತಾಗುತ್ತದೆ. ಆಮೇಲೆ ಬೇರೆ ಯಾವ ಕೆಲಸಕ್ಕೂ ಮೊದಲು ಒಂದು ಕಾಪಿ ತೆಗೆಯಿರಿ. ಜಿ41 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಯುಎಸ್‌ಬಿ 2. ಅದರಲ್ಲಿ 2.6 ಟಿಬಿ ಹೋಗಲು ಹತ್ತಿರ ಹತ್ತಿರ ಒಂದು ದಿನ, 24 ಗಂಟೆ ಹಿಡಿಯುತ್ತದೆ. ಹೊಸ ಡಿಸ್ಕನ್ನು ಒಳಗೇ ಇನ್ನೊಂದು ಸಾಟಾ ಪೋರ್ಟಿಗೆ ಜೋಡಿಸಿದರೆ ಏಳೆಂಟು ಗಂಟೆಯಲ್ಲಿ ಮುಗಿಯುತ್ತದೆ. ಯುಪಿಎಸ್ ಬ್ಯಾಟರಿ ಮೊದಲು ಸರಿ ಮಾಡಿಸಿಕೊಂಡೇ ಇದಕ್ಕೆ ಕೈ ಹಾಕಿ. ಒಂದೇ ಡಿಸ್ಕಿನಲ್ಲಿ ಇರುವ ಪಾಠಗಳನ್ನು ನೆಚ್ಚಿಕೊಂಡು ಎಷ್ಟು ಹುಡುಗರು ಓದುತ್ತಿದ್ದಾರೆ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಕಾಪಿ ಆದ ಮೇಲೆ ಪೆನ್‌ಡ್ರೈವ್ ತೆಗೆದು ಮಾಮೂಲಿನಂತೆ ಆನ್ ಮಾಡಿ. ಗ್ರಬ್ ಮೆನುವಿನಲ್ಲಿ ಮೊದಲ ಸಾಲಿಗೆ ಎಂಟರ್ ಒತ್ತದೆ, ಎರಡನೆಯ ‘ಅಡ್ವಾನ್ಸ್ಡ್ ಆಪ್ಷನ್ಸ್’ ಸಾಲಿಗೆ ಹೋಗಿ. ಅಲ್ಲಿ ಒಂದಕ್ಕಿಂತ ಹೆಚ್ಚು ಕರ್ನಲ್‌ಗಳ ಹೆಸರಿರುತ್ತದೆ. ಕಡಿಮೆ ನಂಬರಿನದು ಹಳೆಯದು, ಅದನ್ನು ಆರಿಸಿ. ಓಡುತ್ತಿರುವ ಕರ್ನಲನ್ನು ಉಬುಂಟು ತಾನಾಗಿ ಅಳಿಸುವುದಿಲ್ಲ, ಹಾಗಾಗಿ ಎಂಟು ತಿಂಗಳು ನಡೆದ ಆ ಕರ್ನಲ್ ಅಲ್ಲಿ ಇರಬೇಕು. ಅದು ಸಲೀಸಾಗಿ ಎದ್ದರೆ ನಾನು ಹೇಳಿದ ಕಾರಣವೇ ಸರಿ ಎಂದು ಬಹುಮಟ್ಟಿಗೆ ಸಾಬೀತಾದಂತೆ.

ಪೂರ್ತಿ ಖಾತ್ರಿ ಬೇಕಿದ್ದರೆ ಇನ್ನೊಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ‘ಫೈಲ್‌ಫ್ರ್ಯಾಗ್’ ಎಂಬ ಕಮಾಂಡನ್ನು ‘ವಿ’ ಆಪ್ಷನ್ ಜೊತೆ, ಬೂಟ್ ಫೋಲ್ಡರ್‌ನಲ್ಲಿರುವ ಎರಡೂ ಕರ್ನಲ್ ಫೈಲುಗಳ ಮೇಲೆ ಓಡಿಸಿ. ಫೈಲ್ ಡಿಸ್ಕಿನಲ್ಲಿ ಎಷ್ಟನೇ ಬ್ಲಾಕಿನಲ್ಲಿ ಕುಳಿತಿದೆ ಎಂದು ‘ಫಿಸಿಕಲ್ ಆಫ್‌ಸೆಟ್’ ಕಾಲಮ್ಮಿನಲ್ಲಿ ಹೇಳುತ್ತದೆ. ಒಂದು ಬ್ಲಾಕ್ ಅಂದರೆ 4096 ಬೈಟ್. 2048 ಜಿಬಿ ಗೋಡೆ ಬರುವುದು 53,68,70,912ನೇ ಬ್ಲಾಕಿಗೆ. ನಿಮ್ಮ ಬಯೋಸ್ ಆ ಡಾಕ್‌ನಂತೆ 1678 ಎಂದೇ ಓದುತ್ತಿದ್ದರೆ ಗೋಡೆ ಇನ್ನೂ ಹತ್ತಿರ, ಸುಮಾರು 44 ಕೋಟಿಯ ಹತ್ತಿರ. ಹಳೆಯ ಕರ್ನಲ್‌ನ ಸಂಖ್ಯೆ ಗೋಡೆಯ ಈಚೆ, ಹೊಸದರ ಸಂಖ್ಯೆ ಆಚೆ ಬಂದರೆ ಇನ್ನು ಯಾವ ಅನುಮಾನವೂ ಬೇಡ.

ಈಗ ಶಾಶ್ವತ ಪರಿಹಾರ. ದಾರಿಗಳು ಕೆಲವಿವೆ, ಎಲ್ಲವೂ ಒಂದೇ ತೂಕದವಲ್ಲ.

ಹಳೆಯ ಕರ್ನಲ್‌ನಲ್ಲೇ ನಿಂತು, ಕರ್ನಲ್ ಅಪ್‌ಡೇಟ್ ಬರದಂತೆ ತಡೆಹಿಡಿಯಬಹುದು. ಒಂದೆರಡು ವಾರ ದೂಡಲು ಇದು ಸಾಕು. ಅದಕ್ಕಿಂತ ಜಾಸ್ತಿ ಬೇಡ. ಸೆಕ್ಯುರಿಟಿ ಅಪ್‌ಡೇಟ್ ಇಲ್ಲದೆ ಹುಡುಗರೆಲ್ಲ ಬಳಸುವ ಸಿಸ್ಟಮ್ ನಡೆಸುವುದು ಒಳ್ಳೆಯದಲ್ಲ. ಗ್ರಬ್‌ನ ಸ್ವಂತ ಫೈಲ್‌ಗಳೂ ಮುಂದೆ ಒಂದು ದಿನ ದೂರ ಹೋಗಿ ಕುಳಿತರೆ ಆಗ ಮೆನು ಕೂಡ ಬರುವುದಿಲ್ಲ. ಹೊಸ ಕರ್ನಲ್ ಫೈಲನ್ನು ಮತ್ತೆ ಕಾಪಿ ಮಾಡಿದರೆ ಹತ್ತಿರ ಬಂದು ಕೂರುತ್ತದೆ ಎಂದು ಯಾರಾದರೂ ಹೇಳಬಹುದು. ಕೆಲವು ಸಲ ಹಾಗಾಗುತ್ತದೆ, ಕೆಲವು ಸಲ ಇಲ್ಲ.

ಡಿಸ್ಕಿನ ಶುರುವಿನಲ್ಲಿ 1 ಜಿಬಿಯ ಬೇರೆ ಬೂಟ್ ಪಾರ್ಟಿಷನ್ ಮಾಡುವುದು ಪುಸ್ತಕದ ಪ್ರಕಾರ ಸರಿಯಾದ ಉತ್ತರ. ಮೊದಲ ದಿನವೇ ಹೀಗೆ ಮಾಡಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಆದರೆ ಈಗ ಮಾಡಬೇಕೆಂದರೆ ತುಂಬಿದ ಪಾರ್ಟಿಷನ್ನಿನ ಶುರುವನ್ನು ಸರಿಸಬೇಕು. ಜಿಪಾರ್ಟೆಡ್ ಎಂಬ ಪ್ರೋಗ್ರಾಂ ಅದನ್ನು ಮಾಡುತ್ತದೆ, ಆದರೆ ಒಳಗಿನ ಡೇಟಾವನ್ನು ಪೂರ್ತಿ ಓದಿ ಪೂರ್ತಿ ಮತ್ತೆ ಬರೆಯುತ್ತದೆ. ಗಂಟೆಗಟ್ಟಲೆ ಕೆಲಸ. ನಡುವೆ ಕರೆಂಟ್ ಹೋದರೆ ಅರ್ಧ ಹೊಸ ಜಾಗದಲ್ಲಿ, ಅರ್ಧ ಹಳೆಯ ಜಾಗದಲ್ಲಿ ಉಳಿದುಬಿಡುತ್ತದೆ. ಬ್ಯಾಕಪ್ ಇಲ್ಲದ ಡಿಸ್ಕಿನ ಮೇಲೆ ನಾನು ಇದನ್ನು ಯಾವತ್ತೂ ಮಾಡುವುದಿಲ್ಲ. ಇನ್ನೊಂದು ಎಚ್ಚರ: ಶುರುವಿನಲ್ಲಿ ಕಷ್ಟ ಎಂದು ಕೊನೆಯಲ್ಲಿ ಜಾಗ ಬಿಡಿಸಿ ಬೂಟ್ ಪಾರ್ಟಿಷನ್ ಮಾಡುವವರಿದ್ದಾರೆ. ಡಿಸ್ಕಿನ ಕೊನೆ ಇರುವುದೇ ಗೋಡೆಯ ಆಚೆ. ಅದರಿಂದ ಪ್ರಯೋಜನವಿಲ್ಲ.

ಹಳೆಯ ಬಯೋಸ್ ಜಾಗಕ್ಕೆ ಬಂದ ಯುಇಎಫ್‌ಐ ಮೋಡಿಗೆ ಹೋಗುವುದು ಇನ್ನೊಂದು ದಾರಿ. ಅದರಲ್ಲಿ ಸೆಕ್ಟರ್ ನಂಬರಿಗೆ 64 ಬಿಟ್ ಇದೆ, ಸದ್ಯಕ್ಕೆ ಯಾವ ಡಿಸ್ಕೂ ಅದನ್ನು ಮುಟ್ಟುವುದಿಲ್ಲ. ಆದರೆ ಜಿ41 ಬೋರ್ಡುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. 2011ರಿಂದ ಈಚಿನ ಎಚ್61 ಮೊದಲಾದ ಅನೇಕ ಬೋರ್ಡುಗಳಲ್ಲಿ ಇದು ಸಿಗುತ್ತದೆ. ಬೋರ್ಡ್ ಬದಲಾಯಿಸುವ ಯೋಚನೆ ಮೊದಲೇ ಇದ್ದರೆ ಸರಿ, ಇದಕ್ಕಾಗಿಯೇ ಬೇಡ.

ನನ್ನ ಸಲಹೆ ಕೇಳಿದರೆ, ಒಂದು ಸಣ್ಣ ಎಸ್‌ಎಸ್‌ಡಿ ತನ್ನಿ. 120 ಅಥವಾ 240 ಜಿಬಿ ಧಾರಾಳ. ಉಬುಂಟು ಅದರಲ್ಲಿರಲಿ, 4 ಟಿಬಿ ಡಿಸ್ಕ್ ಪಾಠಗಳಿಗಷ್ಟೇ ಇರಲಿ. ಬಯೋಸ್ ಎಸ್‌ಎಸ್‌ಡಿಯನ್ನು ಪೂರ್ತಿ ನೋಡಬಲ್ಲದು, ಕರ್ನಲ್ ಎಲ್ಲಿ ಕುಳಿತರೂ ಅದರ ಕೈಗೆ ಸಿಗುತ್ತದೆ. ಉಬುಂಟು ಎದ್ದ ಮೇಲೆ ದೊಡ್ಡ ಡಿಸ್ಕನ್ನು ಅದೇ ನೋಡಿಕೊಳ್ಳುತ್ತದೆ. ಇನ್‌ಸ್ಟಾಲ್ ಮಾಡುವಾಗ ದಯವಿಟ್ಟು 4 ಟಿಬಿ ಡಿಸ್ಕಿನ ಕೇಬಲ್ ಕಳಚಿಡಿ. ಯಾವ ಡಿಸ್ಕಿಗೆ ಹಾಕಲಿ ಎಂದು ಇನ್‌ಸ್ಟಾಲರ್ ಕೇಳುವಾಗ ಒಂದು ತಪ್ಪು ಕ್ಲಿಕ್ ಸಾಕು. ಕೇಬಲ್ಲೇ ಇಲ್ಲದಿದ್ದರೆ ಆ ಭಯವೇ ಇಲ್ಲ. ಇನ್‌ಸ್ಟಾಲ್ ಮುಗಿಸಿ, ಬಂದ್ ಮಾಡಿ, ಕೇಬಲ್ ಜೋಡಿಸಿ, ಬಯೋಸ್‌ನಲ್ಲಿ ಎಸ್‌ಎಸ್‌ಡಿ ಮೊದಲು ಬರುವ ಹಾಗೆ ಮಾಡಿ. ಹಳೆಯ ಡಿಸ್ಕನ್ನು ಪ್ರತಿ ಸಲ ತಾನಾಗಿ ಮೌಂಟ್ ಆಗುವಂತೆ ಎಫ್‌ಎಸ್‌ಟ್ಯಾಬ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಬರೆಯುವಾಗ ಅದರ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಕೊಟ್ಟು, ‘ನೋಫೇಲ್’ ಎಂಬ ಪದವನ್ನೂ ಸೇರಿಸಿ. ಆಗ ಮುಂದೊಂದು ದಿನ ದೊಡ್ಡ ಡಿಸ್ಕ್ ಕೈಕೊಟ್ಟರೂ ಸಿಸ್ಟಮ್ ಎದ್ದು ನಿಲ್ಲುತ್ತದೆ, ಏನಾಯಿತು ಎಂದು ಒಳಗಿನಿಂದ ನೋಡಲಾಗುತ್ತದೆ.

ವಿಂಡೋಸ್ ಬಳಸುವವರಿಗೂ ಒಂದು ಮಾತು. ಬಾಗಲಕೋಟೆಯ ನವನಗರದಿಂದ ಫೋಟೋ ಸ್ಟುಡಿಯೋದವರೊಬ್ಬರು ಒಮ್ಮೆ 3 ಟಿಬಿ ಡಿಸ್ಕ್ ತಂದಿದ್ದರು. ಒಂದು ಸೀಸನ್ನಿನ ಮದುವೆಗಳೆಲ್ಲ ಅದರಲ್ಲಿದ್ದವು. ಹೊರಗಿನ ಡಬ್ಬಿಯಿಂದ ಡಿಸ್ಕ್ ಬಿಚ್ಚಿ ಒಳಗೆ ಸಾಟಾಗೆ ಹಾಕಿದ್ದಾರೆ, ಪಾರ್ಟಿಷನ್ ಕಾಣಲಿಲ್ಲ, ವಿಂಡೋಸ್ ‘ಇನಿಷಿಯಲೈಸ್’ ಎಂದು ಕೇಳಿದೆ, ಇವರು ಓಕೆ ಒತ್ತಿದ್ದಾರೆ. ಆದದ್ದೇನೆಂದರೆ, ಕೆಲವು ಯುಎಸ್‌ಬಿ ಡಬ್ಬಿಗಳು 2.2 ಟಿಬಿ ಗೋಡೆ ದಾಟಲು ಸೆಕ್ಟರ್ 4096 ಬೈಟ್ ಇದೆ ಎಂದು ವಿಂಡೋಸ್‌ಗೆ ಹೇಳುತ್ತವೆ. ನೇರವಾಗಿ ಸಾಟಾಗೆ ಹಾಕಿದರೆ ಅದೇ ಡಿಸ್ಕ್ 512 ಎನ್ನುತ್ತದೆ. ಲೆಕ್ಕ ಎಂಟು ಪಟ್ಟು ತಪ್ಪಿ ಪಾರ್ಟಿಷನ್ ಟೇಬಲ್‌ಗೆ ಅರ್ಥವೇ ಇಲ್ಲದಂತಾಗುತ್ತದೆ. ಮತ್ತೆ ಅದೇ ಡಬ್ಬಿಗೆ ಹಾಕಿದ್ದರೆ ಎಲ್ಲ ಕಾಣುತ್ತಿತ್ತು. ಓಕೆ ಒತ್ತಿದ ಮೇಲೆ ಹೊಸ ಟೇಬಲ್ ಬರೆದಾಗಿತ್ತು. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿದ್ದರು, ಫಾರ್ಮ್ಯಾಟ್ ಮಾಡಿರಲಿಲ್ಲ. ಟೆಸ್ಟ್‌ಡಿಸ್ಕ್ ಎಂಬ ಪ್ರೋಗ್ರಾಂನಿಂದ ಹುಡುಕಿ ಪಾರ್ಟಿಷನ್ ವಾಪಸ್ ತಂದೆವು. ಆಲ್ಬಂ ಇನ್ನೂ ಕೊಡದ ಮದುವೆಗಳ ಹೆಸರನ್ನು ಅವರು ಪರದೆಯ ಮೇಲೆ ಒಂದೊಂದಾಗಿ ಓದಿಕೊಂಡದ್ದು ಇವತ್ತಿಗೂ ಕಣ್ಣ ಮುಂದಿದೆ.

ಇನ್ನು ವಿಂಡೋಸ್ ಬೂಟ್ ವಿಷಯ. ಎಂಬಿಆರ್ ಎಂಬ ಹಳೆಯ ಪದ್ಧತಿಯ ಪಾರ್ಟಿಷನ್ ಟೇಬಲ್ ಹಾಕಿದರೆ 4 ಟಿಬಿಯಲ್ಲಿ 2048 ಜಿಬಿ ಮಾತ್ರ ಬಳಕೆಗೆ, ಉಳಿದದ್ದು ‘ಅನ್‌ಅಲೊಕೇಟೆಡ್’ ಎಂದು ಸುಮ್ನೆ ಬಿದ್ದಿರುತ್ತದೆ. ಪೂರ್ತಿ ಬೇಕೆಂದರೆ ಜಿಪಿಟಿ ಎಂಬ ಹೊಸ ಪದ್ಧತಿಯ ಟೇಬಲ್ ಬೇಕು. ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಏಳಬೇಕೆಂದರೆ ಯುಇಎಫ್‌ಐ ಇರಲೇಬೇಕು. ಹಳೆಯ ಬೋರ್ಡಿನವರಿಗೆ ಇಲ್ಲೂ ಉತ್ತರ ಅದೇ, ಸಣ್ಣ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ದೊಡ್ಡ ಡಿಸ್ಕ್ ಜಿಪಿಟಿ ಮಾಡಿ ಡೇಟಾಗೆ.

ಕೊನೆಗೆ ನೀವು ಕೇಳಿದ 8 ಟಿಬಿ. ಈಗಿರುವಂತೆಯೇ ಅದರಲ್ಲಿ ಉಬುಂಟು ಹಾಕಿ ಒಂದೇ ಪಾರ್ಟಿಷನ್ ಮಾಡಿದರೆ ತೊಂದರೆ ಹೋಗುವುದಿಲ್ಲ, ಜಾಸ್ತಿಯೇ ಆಗಬಹುದು. 8 ಟಿಬಿ ಅಂದರೆ 7452 ಜಿಬಿ. ಮೀಟರ್ ಮೂರು ಸುತ್ತು ಸುತ್ತಿ ಆ ಅಂಗಡಿಯ ಡಾಕ್‌ನಲ್ಲಿ ಬರೀ 1308 ಜಿಬಿ ಎಂದು ತೋರಿಸುತ್ತದೆ, 4 ಟಿಬಿಗಿಂತಲೂ ಕಡಿಮೆ! ಆದರೆ ಪಾಠಗಳ ಎರಡನೆಯ ಕಾಪಿ ಇಡಲು ಖಂಡಿತ ತನ್ನಿ, ಅದಕ್ಕೆ ಬೂಟ್ ಆಗುವ ಕೆಲಸವಿಲ್ಲ. ಅದರ ಜೊತೆ ಹೊಸ ಡಾಕ್ ಕೂಡ ಕೊಳ್ಳುವುದಾದರೆ ಅಂಗಡಿಯಲ್ಲೇ ಡಿಸ್ಕ್ ಹಾಕಿಸಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಂಖ್ಯೆ ನೋಡಿ. ಪೂರ್ತಿ 7452 ಬಂದರೆ ಮಾತ್ರ ದುಡ್ಡು ಕೊಡಿ.